ಕೇಳಿದ್ದು ದೊರೆತ ಮೇಲೆ

ನಮ್ಮ ಶಾಲೆಯ ಪ್ರಾರ್ಥನಾಮಂದಿರದ ಬಾಗಿಲ ಬಳಿ ಬಿನ್ನಹಗಳ ಪೆಟ್ಟಿಗೆಯೊಂದು ಇರುವುದನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಆ ಪೆಟ್ಟಿಗೆಯು ಚೀಟಿಗಳಿಂದ ತುಂಬಿಹೋಗುವುದು. ಗಣಿತದಲ್ಲಿ ಉತ್ತೀರ್ಣಳಾಗಬೇಕೆಂದು ಒಬ್ಬಳು, ತಂದೆಗೆ ಕೆಲಸ ದೊರೆಯಬೇಕೆಂದು ಮತ್ತೊಬ್ಬಳು, ತಾಯಿಯ ಜ್ವರ ಇಳಿಯಬೇಕೆಂದು ಇನ್ನೊಬ್ಬಳು ಬರೆದಿರುವರು. ಫಲಿತಾಂಶವು ಪ್ರಕಟವಾಗಿ ಶಾಲೆಯು ಪುನಃ ತೆರೆದ ಮೇಲೆ ಅದೇ ಪೆಟ್ಟಿಗೆಯಲ್ಲಿ ನೋಡಿದರೆ ಸ್ತೋತ್ರದ ಚೀಟಿಗಳು ಬೆರಳಲ್ಲಿ ಎಣಿಸುವಷ್ಟು ಮಾತ್ರ. ಇದನ್ನು ಮಕ್ಕಳ ದೋಷವೆಂದು ಹೇಳುವುದು ನ್ಯಾಯವಲ್ಲ. ಹಿರಿಯರ ರೂಢಿಯೇ ಮಕ್ಕಳಲ್ಲಿ ಕಾಣಿಸಿಕೊಳ್ಳುವುದಷ್ಟೆ. ಕೇಳುವುದಕ್ಕೆ ನಮ್ಮೆಲ್ಲರಿಗೂ ನಾಲಗೆ ಉದ್ದ. ಪಡೆದುದನ್ನು ನೆನೆಯುವುದಕ್ಕೆ ನೆನಪು ಗಿಡ್ಡ. ಈ ಸ್ಮರಣ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಬಯಸುತ್ತೇವೆ.

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತವುಂಟು. ಹತ್ತು ಮಂದಿಯೂ ದೂರದಲ್ಲಿ ನಿಂತು ಕೂಗಿ ಬೇಡಿದರು. ಹತ್ತು ಮಂದಿಯೂ ಶುದ್ಧರಾದರು. ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಆ ವೃತ್ತಾಂತವು ಎಲ್ಲಿಯೂ ಹೇಳುವುದಿಲ್ಲ. ಎಷ್ಟೋ ವರುಷಗಳ ಬಳಿಕ ಮನೆಯ ಹೊಸ್ತಿಲನ್ನು ತುಳಿಯುವ ಭಾಗ್ಯ ಬಂದಿತ್ತು. ಹೆಂಡಿರು ಮಕ್ಕಳ ಮುಖವನ್ನು ನೋಡುವ ಆತುರವಿತ್ತು. ಹೊಲವೂ ವ್ಯಾಪಾರವೂ ಕಾದಿದ್ದವು. ಅವರು ಬೇಡಿದ್ದುದು ಸಾಧಾರಣವಾದ ಜೀವನವನ್ನೇ. ಅದು ದೊರೆತೊಡನೆ ಅದರೊಳಗೆ ಮುಳುಗಿಹೋದರು. ನೆರವೇರಿದ ಪ್ರಾರ್ಥನೆಯು ದಿನಚರಿಯೊಳಗೆ ಉಪ್ಪಿನಂತೆ ಕರಗಿಹೋಗುವುದು. ಆ ಬಳಿಕ ರುಚಿ ಉಳಿಯುವುದೇ ಹೊರತು ಉಪ್ಪು ಕಣ್ಣಿಗೆ ಕಾಣುವುದಿಲ್ಲ.

ಈ ಮಾತಿಗೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಕಲಬುರಗಿಯ ಸೀಮೆಯಲ್ಲಿ ನಾರುಹುಣ್ಣೆಂಬ ರೋಗವಿದ್ದಿತು. ಇಂದಿನ ವಿದ್ಯಾರ್ಥಿನಿಯರಲ್ಲಿ ಆ ಹೆಸರನ್ನು ಬಲ್ಲವರು ವಿರಳ. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ, ಕಣ್ಣಿಗೆ ಸುಲಭವಾಗಿ ಬೀಳದ ಸಣ್ಣ ಹುಳುವಿನ ಮೂಲಕ ಆ ರೋಗದ ಬೀಜವು ಕುಡಿಯುವವರ ಹೊಟ್ಟೆಯನ್ನು ಸೇರುತ್ತಿತ್ತು. ಸುಮಾರು ಒಂದು ವರುಷದ ಮೇಲೆ ಕಾಲಿನಲ್ಲಿ ಉರಿಯುವ ಗುಳ್ಳೆಯೆದ್ದು ಒಡೆದು, ದಾರದಂಥ ಹುಳವು ಹೊರಗೆ ಬರುತ್ತಿತ್ತು. ಅದರ ಉದ್ದವು ಒಂದು ಮೀಟರಿನವರೆಗೂ ಇರುತ್ತಿತ್ತು. ಉರಿ ತಾಳಲಾರದೆ ರೋಗಿಯು ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿನಲ್ಲಿಟ್ಟರೆ, ಹುಳವು ತನ್ನ ಮರಿಗಳನ್ನು ಅದೇ ನೀರಿಗೆ ಬಿಡುತ್ತಿತ್ತು. ಹೀಗೆ ಊರು ತನ್ನ ಬಾವಿಯಿಂದಲೇ ವರುಷ ವರುಷವೂ ನರಳುತ್ತಿತ್ತು. ಬಿತ್ತನೆಯ ಕಾಲದಲ್ಲಿ ಮನೆಯ ಯಜಮಾನನು ಹಾಸಿಗೆ ಹಿಡಿದರೆ ಆ ವರುಷದ ಜೋಳವೂ ತೊಗರಿಯೂ ಹೋದಂತೆಯೇ. ಎಷ್ಟು ಮಂದಿ ತಾಯಂದಿರು ಈ ಬಾಧೆ ತೊಲಗಲೆಂದು ಮೊಣಕಾಲೂರಿ ಬೇಡಿರಬೇಕು!

ಆ ಪ್ರಾರ್ಥನೆಯು ನೆರವೇರಿತು. ಈ ರೋಗಕ್ಕೆ ಲಸಿಕೆಯಿಲ್ಲ, ಕೊಂದು ಹಾಕುವ ಔಷಧವೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಹಳ್ಳಿಹಳ್ಳಿಗೆ ಹೋಗಿ ಹೇಳಿದ ಆರೋಗ್ಯ ಕಾರ್ಯಕರ್ತರಿಂದಲೂ, ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ ಕೈಪಂಪುಗಳನ್ನು ಹಾಕಿಸಿದವರಿಂದಲೂ ಅದು ತೊಲಗಿತು. ಭಾರತದ ಕಡೆಯ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ನಮ್ಮ ದೇಶವು ಈ ರೋಗದಿಂದ ಮುಕ್ತವೆಂದು ಸಾರಲಾಯಿತು. ಆ ದಿನದ ನೆನಪಿಗಾಗಿ ನಮ್ಮ ಎಷ್ಟು ಮನೆಗಳಲ್ಲಿ ಸ್ತೋತ್ರ ಸಲ್ಲುತ್ತದೆ? ಉತ್ತರವು ಎಷ್ಟು ಪೂರ್ಣವಾಗಿ ದೊರೆಯಿತೆಂದರೆ, ರೋಗದೊಡನೆ ಅದರ ಹೆಸರೂ ಹೋಯಿತು. ಹೆಸರಿನೊಡನೆ ಕೃತಜ್ಞತೆಯೂ ಹೋಯಿತು.

ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿಯೂ ಹೀಗೆಯೇ. 1948ರ ಸೆಪ್ಟೆಂಬರಿನವರೆಗೆ ನಮ್ಮ ಸೀಮೆಯು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತದ ಭಾಷೆಯೂ ಉಚ್ಚ ಶಿಕ್ಷಣದ ಭಾಷೆಯೂ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗಿಗೆ ತನ್ನ ನುಡಿಯಲ್ಲಿ ಮೇಲಿನ ತರಗತಿಗಳನ್ನೋದುವ ಅವಕಾಶವು ಕಿರಿದು. 1951ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. 2011ರ ಜನಗಣತಿಯಲ್ಲಿ, ಹಿಂದುಳಿದುದೆಂದು ಕರೆಯಲ್ಪಡುವ ನಮ್ಮ ಜಿಲ್ಲೆಯಲ್ಲಿಯೇ ನೂರಕ್ಕೆ ಸುಮಾರು 55 ಮಂದಿ ಅಕ್ಷರ ಬಲ್ಲ ಸ್ತ್ರೀಯರಿದ್ದರು. ಇನ್ನುಳಿದ 45 ಮಂದಿಗಾಗಿ ನಾವು ದುಃಖಿಸತಕ್ಕದ್ದೇ. ಆದರೆ ಆ 55 ಮಂದಿಯಲ್ಲಿ ಒಬ್ಬೊಬ್ಬಳ ಹಿಂದೆಯೂ ಅಕ್ಷರವರಿಯದ ಅಜ್ಜಿಯೊಬ್ಬಳ ಹಂಬಲವಿದೆಯೆಂಬುದನ್ನು ಮರೆಯತಕ್ಕದ್ದಲ್ಲ.

ಕಮಲಾಪುರದಿಂದ ನಮ್ಮ ನಗರಕ್ಕೆ ಸುಮಾರು 35 ಕಿಲೋಮೀಟರುಗಳ ದಾರಿ. ಅಲ್ಲಿಂದಲೂ ಸುತ್ತಣ ಹಳ್ಳಿಗಳಿಂದಲೂ ಓದಲು ಬರುವ ಹುಡುಗಿಯರಿಗೆ ಪ್ರಯಾಣದ ಖರ್ಚು ಪುಸ್ತಕದ ಖರ್ಚಿಗಿಂತ ಭಾರವಾಗಿದ್ದ ಕಾಲವಿತ್ತು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವು ಆರಂಭವಾಗಿ ಕಮಲಾಪುರಕ್ಕೂ ನಿಲ್ದಾಣ ಬಂದಿತು. 2023ರ ಜೂನಿನಿಂದ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೇಟಿನ ಹಣವಿಲ್ಲವೆಂದಾಯಿತು. 2002ರ ಜೂನಿನಲ್ಲಿ ಮಧ್ಯಾಹ್ನದ ಬಿಸಿಯೂಟವು ಮೊದಲು ಆರಂಭವಾದುದು ನಮ್ಮ ಜಿಲ್ಲೆಯೂ ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿಯೇ. ಹಸಿದ ಹೊಟ್ಟೆಯಿಂದ ತರಗತಿಯಲ್ಲಿ ಕುಳಿತ ಮಗುವಿಗಾಗಿ ಉಪಾಧ್ಯಾಯಿನಿಯರು ಮಾಡಿದ ಪ್ರಾರ್ಥನೆಗಳು ಸಣ್ಣವಲ್ಲ. ಆದರೂ ಈ ದಿನ ಬಸ್ಸು ಹತ್ತು ನಿಮಿಷ ತಡವಾದರೆ ನಾವು ಗೊಣಗುವೆವು. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ದೂರುವೆವು. ಮರುಭೂಮಿಯಲ್ಲಿ ಇಸ್ರಾಯೇಲ್ಯರು ಮನ್ನವನ್ನು ಮೊದಲ ದಿನ ಬೆರಗಿನಿಂದ ಕೂಡಿಸಿಕೊಂಡು, ಕಾಲಕ್ರಮದಲ್ಲಿ ಅದನ್ನೇ ಬೇಸರದ ಊಟವೆಂದು ಹಳಿದರು. ನಾವು ಅವರಿಗಿಂತ ಮೇಲಾದವರೆಂದು ಹೇಳಿಕೊಳ್ಳುವಂತಿಲ್ಲ.

ಸುಗ್ಗಿಯ ಸ್ತೋತ್ರಾರಾಧನೆಗೆ ನಮ್ಮ ಸಭೆಯವರು ತೊಗರಿಯನ್ನೂ ಜೋಳದ ತೆನೆಗಳನ್ನೂ ಕಮಲಾಪುರದ ಹೆಸರುವಾಸಿಯಾದ ಕೆಂಪು ಬಾಳೆಯ ಹಣ್ಣುಗಳನ್ನೂ ತಂದು ಅರ್ಪಿಸುವುದು ನೋಡಲು ಇಂಪಾದುದು. ಹೊಲದಿಂದ ಬಂದುದನ್ನು ಅರ್ಪಿಸಲು ನಾವು ಕಲಿತಿದ್ದೇವೆ. ಆದರೆ ಒಂದು ತಂಬಿಗೆ ನಲ್ಲಿಯ ನೀರನ್ನೂ ಒಂದು ಬಸ್ ಚೀಟಿಯನ್ನೂ ಮಗಳ ಅಂಕಪಟ್ಟಿಯನ್ನೂ ಯಾರಾದರೂ ಅಲ್ಲಿ ತಂದಿಟ್ಟಿರುವರೇ?

ಇಲ್ಲಿ ವಿದ್ಯಾವಂತರಾದ ಕೆಲವರು ಕೇಳಬಹುದು: “ಬಸ್ಸನ್ನು ಬಿಟ್ಟದ್ದು ಸರಕಾರ, ರೋಗವನ್ನು ಓಡಿಸಿದ್ದು ವೈದ್ಯಶಾಸ್ತ್ರ, ದೇವರಿಗೇಕೆ ಸ್ತೋತ್ರ?” ಪ್ರಶ್ನೆಯು ಸರಿಯಾದುದೇ. ದೇವರು ಮನುಷ್ಯರ ಕೈಗಳಿಂದ ಕೆಲಸ ಮಾಡುತ್ತಾನೆಂಬುದು ನಮ್ಮ ನಂಬಿಕೆ. ಆದಕಾರಣ ದೇವರಿಗೆ ಸ್ತೋತ್ರ ಹೇಳಿ ಆ ಕೈಗಳನ್ನು ಮರೆಯುವವನ ಕೃತಜ್ಞತೆಯು ಅರ್ಧವಾದುದು. ಬಟ್ಟೆಯ ಸೋಸಣಿಗೆಯನ್ನು ಹಿಡಿದು ಬಿಸಿಲಿನಲ್ಲಿ ನಡೆದ ಕಾರ್ಯಕರ್ತೆಗೂ, ಬಿಸಿಯೂಟದ ಒಲೆಯ ಮುಂದೆ ಬೇಯುವ ತಾಯಿಗೂ ಸಲ್ಲತಕ್ಕ ಋಣವನ್ನು ಪ್ರಾರ್ಥನೆಯ ನೆವದಿಂದ ತಪ್ಪಿಸಿಕೊಳ್ಳಲಾಗದು. ಇದೂ ಅಲ್ಲದೆ, ಇದೇ ವರಗಳನ್ನು ಶರಣಬಸವೇಶ್ವರರ ಗುಡಿಯ ಮುಂದೆಯೂ ಬಂದೇನವಾಜರ ದರ್ಗಾದಲ್ಲಿಯೂ ನಿಂತು ಬೇಡಿದ ತಾಯಂದಿರು ನಮ್ಮ ನಗರದಲ್ಲಿ ಸಾವಿರಾರು ಮಂದಿ. ನೀರೂ ಬಸ್ಸೂ ಅವರೆಲ್ಲರಿಗೂ ಬಂದವು. ಪರಲೋಕದ ತಂದೆಯು ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ ಮಳೆಗರೆಯುತ್ತಾನೆಂದು ನಮ್ಮ ಕರ್ತನೇ ಕಲಿಸಿರುವಾಗ, ನಮ್ಮ ಪ್ರಾರ್ಥನೆಯೇ ಗೆದ್ದಿತೆಂದು ಹೆಮ್ಮೆಪಡಲು ಎಡೆಯೆಲ್ಲಿ?

ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದುಂಟು. ಕೇಳಿದ್ದು ದೊರೆಯದವರ ಗತಿಯೇನು? ಭಾರತದಲ್ಲಿ ದಾಖಲಾದ ಮೊದಲ ಕೋವಿಡ್ ಮರಣವು 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಕಲಬುರಗಿಯ ನಿವಾಸಿಯೊಬ್ಬರದು. ಆ ವರುಷವೂ ಮರುವರುಷವೂ ಈ ನಗರದಲ್ಲಿ ಪ್ರಾರ್ಥಿಸದ ಮನೆಯಿರಲಿಲ್ಲ. ಒಂದೇ ಬೀದಿಯ ಎರಡು ಮನೆಗಳವರು ಒಂದೇ ಕಣ್ಣೀರಿನಿಂದ ಬೇಡಿದರು. ಒಂದು ಮನೆಯ ತಂದೆಯು ಆಸ್ಪತ್ರೆಯಿಂದ ಮರಳಿದನು, ಮತ್ತೊಂದು ಮನೆಯ ತಂದೆಯು ಮರಳಲಿಲ್ಲ. ತರುವಾಯ ಸಾಕ್ಷಿ ಹೇಳುವ ಕೂಟಗಳಲ್ಲಿ, “ನಮ್ಮ ನಂಬಿಕೆಯು ನಮ್ಮನ್ನು ಉಳಿಸಿತು” ಎಂಬ ಮಾತು ಕೆಲವು ವೇಳೆ ಕೇಳಿಬರುವುದುಂಟು. ಅದೇ ಬೆಂಚಿನಲ್ಲಿ ತಂದೆಯಿಲ್ಲದ ಹುಡುಗಿಯು ತಲೆತಗ್ಗಿಸಿ ಕುಳಿತಿರುವಳೆಂಬುದನ್ನು ಅವರು ನೆನೆಯಬೇಡವೇ? ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡನು, ಮುಳ್ಳು ತೆಗೆಯಲ್ಪಡಲಿಲ್ಲ. ಅವನ ನಂಬಿಕೆಯು ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ನೆರೆಯವರ ಗಾಯವನ್ನು ಕೆದಕುವ ಸ್ತೋತ್ರವು ಸ್ತೋತ್ರವಲ್ಲ. ನಿಜವಾದ ಕೃತಜ್ಞತೆಯು ಮೆಲ್ಲನೆ ಮಾತನಾಡುವುದು. ಮಾತನಾಡಿ ಮುಗಿಸಿದ ಮೇಲೆ ಎದ್ದುಹೋಗಿ ಆ ಹುಡುಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ನೆನಪಿಡುವ ಅಭ್ಯಾಸ. ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲುಗಳನ್ನು ಹೊಳೆಯ ನಡುವಿನಿಂದ ಎತ್ತಿಸಿ ದಡದಲ್ಲಿ ನಿಲ್ಲಿಸಿದನು. ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದಾಗ ಹೇಳುವುದಕ್ಕೆ ಕಥೆಯಿರಬೇಕೆಂಬುದು ಅದರ ಉದ್ದೇಶ. ನಮ್ಮ ಮನೆಗಳಲ್ಲಿ ಕಲ್ಲು ನಿಲ್ಲಿಸಬೇಕಾಗಿಲ್ಲ, ಎರಡು ಕಾಲಮಿನ ಒಂದು ನೋಟುಪುಸ್ತಕ ಸಾಕು. ಎಡಗಡೆಯಲ್ಲಿ ಬೇಡಿದ್ದನ್ನೂ ಬೇಡಿದ ತಾರೀಖನ್ನೂ ಬರೆಯಿರಿ. ಬಲಗಡೆಯಲ್ಲಿ ಅದು ಯಾವಾಗ, ಯಾರ ಕೈಯಿಂದ, ಯಾವ ರೂಪದಲ್ಲಿ ಬಂದಿತೆಂಬುದನ್ನು ಬರೆಯಿರಿ. ಬಲಗಡೆ ಬರಿದಾಗಿ ಉಳಿದ ಸಾಲುಗಳನ್ನು ಅಳಿಸಬೇಡಿರಿ. ಅವೂ ನಮ್ಮ ಬಾಳಿನ ಸತ್ಯವೇ. ಮಕ್ಕಳಿಗೆ ವರುಷಕ್ಕೊಮ್ಮೆಯಾದರೂ ಆ ಪುಸ್ತಕವನ್ನು ಓದಿ ಹೇಳಿರಿ.

ಎರಡನೆಯದು, ದೊರೆತುದನ್ನು ಕಾಪಾಡುವ ಕರ್ತವ್ಯ. ಹನ್ನಳು ಅತ್ತು ಬೇಡಿ ಮಗನನ್ನು ಪಡೆದಳು. ಪಡೆದ ಮೇಲೆ ಅವನು ತನ್ನ ಸೊತ್ತೆಂದು ಬಚ್ಚಿಟ್ಟುಕೊಳ್ಳದೆ, ಅವನನ್ನು ದೇವರ ಸೇವೆಗೆ ಒಪ್ಪಿಸಿ, ವರುಷ ವರುಷವೂ ಅವನಿಗೊಂದು ಚಿಕ್ಕ ಅಂಗಿಯನ್ನು ಹೊಲಿದು ತಂದುಕೊಟ್ಟಳು. ಪೋಷಕರೇ, ನಿಮ್ಮ ಮಗಳಿಗೆ ಶಾಲೆಯಲ್ಲಿ ಸ್ಥಳ ದೊರೆಯಲೆಂದು ನೀವು ಬೇಡಿಕೊಂಡಿರಿ, ಅದು ದೊರೆಯಿತು. ಒಂಬತ್ತನೆಯ ತರಗತಿಯ ನಡುವೆ ಸಂಬಂಧವೊಂದು ಕೂಡಿಬಂದಿತೆಂದು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಿಸಿದರೆ, ಕೈಗೆ ಬಂದ ಉತ್ತರವನ್ನು ನೀವೇ ಹಿಂದಕ್ಕೆ ತಳ್ಳಿದಂತಾಗುವುದಿಲ್ಲವೇ? 18 ವರುಷ ತುಂಬದವಳ ವಿವಾಹವು 2006ರ ಕಾಯಿದೆಯ ಪ್ರಕಾರ ಅಪರಾಧವೆಂಬುದು ಹಾಗಿರಲಿ. ಅದು ನಿಮ್ಮ ಪ್ರಾರ್ಥನೆಗೇ ನೀವು ಮಾಡುವ ಅನ್ಯಾಯ. ಹಾಡಿ ಹೊಗಳುವ ನೂರು ಸ್ತೋತ್ರಗಳಿಗಿಂತ ಮಗಳ ಓದನ್ನು ಕಡೆಯವರೆಗೆ ನಡೆಯಿಸುವುದು ದೊಡ್ಡ ಸ್ತೋತ್ರ.

ಮೂರನೆಯದು, ಹಳೆಯ ವಿದ್ಯಾರ್ಥಿನಿಯರಿಗಾಗಿ. ನಿಮ್ಮಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಕಚೇರಿಗಳಲ್ಲಿ ದುಡಿಯುವವರಿದ್ದೀರಿ, ಮನೆಯನ್ನು ನಡೆಯಿಸುವ ಗೃಹಿಣಿಯರಿದ್ದೀರಿ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು ನಿಮ್ಮ ಪರೀಕ್ಷೆಯ ಶುಲ್ಕವನ್ನು ಕಟ್ಟಿದರು; ಯಾರೋ ರಾತ್ರಿಯ ವೇಳೆ ಕುಳ್ಳಿರಿಸಿ ಲೆಕ್ಕ ಕಲಿಸಿದರು. ಅವರು ಬದುಕಿದ್ದರೆ ಈ ತಿಂಗಳಲ್ಲಿಯೇ ಹೋಗಿ ನೋಡಿ ಬನ್ನಿರಿ, ಇಲ್ಲವೇ ಒಂದು ಕಾಗದ ಬರೆಯಿರಿ. ಅವರು ಇಲ್ಲವಾಗಿದ್ದರೆ ಆ ಋಣವನ್ನು ಇಂದಿನ ಹುಡುಗಿಯೊಬ್ಬಳಿಗೆ ತೀರಿಸಿರಿ. ಈ ಹೊತ್ತು ಕಮಲಾಪುರದ ಕಡೆಯ ಯಾವುದೋ ಹಳ್ಳಿಯಲ್ಲಿ ತಾಯಿಯೊಬ್ಬಳು ದೀಪದ ಮುಂದೆ ಕುಳಿತು, ಮಗಳ ಓದಿಗೆ ದಾರಿ ತೋರೆಂದು ಬೇಡುತ್ತಿರಬಹುದು. ಅವಳ ಪ್ರಾರ್ಥನೆಗೆ ದೇವರು ಕಳುಹಿಸಬೇಕೆಂದಿರುವ ಉತ್ತರವು ನೀವೇ ಆಗಿರಬಹುದು.

ಆದುದರಿಂದ ಈ ವರುಷ ಹೊಸದಾಗಿ ಏನನ್ನಾದರೂ ಬೇಡುವ ಮುನ್ನ, ಹಿಂದೆ ಬೇಡಿ ಪಡೆದ ಒಂದನ್ನಾದರೂ ಹೆಸರು ಹಿಡಿದು ನೆನೆಯೋಣ. ಅದನ್ನು ತಂದುಕೊಟ್ಟ ಕೈಯನ್ನು ನೆನೆಯೋಣ. ಇನ್ನೂ ಕಾದಿರುವವರ ಕಡೆಗೆ ನಮ್ಮ ಕೈಯನ್ನು ಚಾಚೋಣ. ದಯಾಮಯನಾದ ದೇವರು ನಮ್ಮೆಲ್ಲರಿಗೂ ನೆನಪುಳ್ಳ ಹೃದಯವನ್ನು ದಯಪಾಲಿಸಲಿ.