ಫ್ಯಾನಿನ ಗಾಳಿ ಬೇರೆ, ಔರಾದ್ ರಸ್ತೆಯ ಗಾಳಿಯೇ ಬೇರೆ!

ಹೀರೋ ಮೋಟಾರ್ ಸೈಕಲ್ ಮೇಲೆ ಹಾಡುತ್ತಾ ಹೊರಟಿದ್ದಾನೆ. ಹಿಂದೆ ಹೀರೋಯಿನ್. ಅವನ ಕ್ರಾಪು ಹಾರುತ್ತೆ, ಅವಳ ಸೆರಗು ಹಾರುತ್ತೆ. ಆದರೆ ಓದುಗ ಮಿತ್ರರೇ, ಎಂದಾದರೂ ಗಮನಿಸಿದ್ದೀರಾ? ಇಬ್ಬರ ಕಣ್ಣಲ್ಲೂ ಒಂದು ಹನಿ ನೀರಿಲ್ಲ! ಅಷ್ಟಗಲ ಬಾಯಿ ಬಿಟ್ಟು ಹಾಡಿದರೂ ಒಂದು ಹುಳ ಒಳಗೆ ಹೋಗುವುದಿಲ್ಲ! ಗುಟ್ಟು ನಿಮಗೆ ಗೊತ್ತಿರುವುದೇ. ಹಳೆಯ ಸ್ಟುಡಿಯೋಗಳಲ್ಲಿ ಗಾಡಿ ಸ್ಟ್ಯಾಂಡಿನ ಮೇಲೆ ನಿಂತೇ ಇರುತ್ತಿತ್ತು. ಹಿಂದಿನ ಪರದೆಯ ಮೇಲೆ ರಸ್ತೆ ಓಡುತ್ತಿತ್ತು. ಮುಂದೆ ಒಂದು ದೊಡ್ಡ ಫ್ಯಾನು. ಅದು ಸಂಭಾವಿತ ಗಾಳಿ. ಡೈರೆಕ್ಟರು 'ಕಟ್' ಅಂದರೆ ನಿಂತುಬಿಡುತ್ತೆ.

ನಮ್ಮ ಬೀದರ್ ಕಡೆಯ ಗಾಳಿಗೆ 'ಕಟ್' ಅನ್ನುವ ಡೈರೆಕ್ಟರು ಇನ್ನೂ ಹುಟ್ಟಿಲ್ಲ.

ಈ ವಾರ ತಾರೆಯರ ಸುದ್ದಿ ಇಲ್ಲ, ಮುನಿಸಿಕೊಳ್ಳಬೇಡಿ. ನನ್ನ ಕಿವಿಯ ಸುದ್ದಿ ಇದೆ. ಹಾಡಿನ ಬಗ್ಗೆ ಬರೆದು ಬದುಕುವವನಿಗೆ ಕಿವಿಗಿಂತ ದೊಡ್ಡ ತಾರೆ ಯಾರು ಹೇಳಿ?

ಮನೆ ಬೀದರಿನಲ್ಲಿ, ನೌಕರಿ ಔರಾದಿನಲ್ಲಿ, ಅಕ್ಕನ ಮನೆ ಭಾಲ್ಕಿಯಲ್ಲಿ. ಎರಡೂ ಊರು ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ನನ್ನದು ಬುಲೆಟ್ 350. ಚಿಕ್ಕವನಿದ್ದಾಗ ರಾಮನಗರದ ಬಂಡೆಗಳ 'ಶೋಲೆ'ಯನ್ನು ಮರುಬಿಡುಗಡೆಯಲ್ಲಿ ನೋಡಿ, ಅಮಿತಾಭ್ ಮತ್ತು ಧರ್ಮೇಂದ್ರ ಸೈಡ್ ಕಾರ್ ಗಾಡಿಯಲ್ಲಿ ಹಾಡಿಕೊಂಡು ಹೋದದ್ದು ತಲೆಗೆ ಹತ್ತಿ, ದೊಡ್ಡವನಾದ ಮೇಲೆ ಸಾಲ ಮಾಡಿ ಕೊಂಡದ್ದು. ಸೈಡ್ ಕಾರ್ ಸಿಗಲಿಲ್ಲ, ಸಾಲ ಮಾತ್ರ ಸಿಕ್ಕಿತು.

ಬೀದರ್ ಎತ್ತರದ ಮೇಲೆ ಕೂತ ಊರು. ಔರಾದಿಗೆ ಹೊರಟರೆ ಜನವಾಡ, ಮಾಂಜ್ರಾ ಸೇತುವೆ, ಕೌಠಾ, ಸಂತಪೂರ. ಎರಡೂ ಕಡೆ ಬಯಲು ಹೊಲ. ಆಷಾಢ ಶ್ರಾವಣದಲ್ಲಿ ಪಡುವಣ ಗಾಳಿ ಬೀಸಲು ಶುರುವಾದರೆ ತಡೆಯಲು ಒಂದು ಗುಡ್ಡ ಅಡ್ಡ ಬರುವುದಿಲ್ಲ. ಭಾಲ್ಕಿ ಪಡುವಣಕ್ಕಿದೆ, ಅಲ್ಲಿಗೆ ಹೋಗುವಾಗ ಗಾಳಿ ಎದೆಗೇ ಎದುರು. ಔರಾದ್ ಬಡಗಣಕ್ಕಿದೆ, ಅಲ್ಲಿಗೆ ಹೋಗುವಾಗ ಎಡಗಡೆಯಿಂದ ಅಡ್ಡ ಹೊಡೆತ. ಚಳಿಗಾಲದಲ್ಲಿ ಗಾಳಿ ತಗ್ಗಿತು ಅನ್ನುವಷ್ಟರಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು. ಅವುಗಳ ಹಿಂದಿನ ಗಾಳಿ ಮೊದಲು ಗಾಡಿಯನ್ನು ಎಳೆದುಕೊಳ್ಳುತ್ತೆ, ದಾಟಿದೊಡನೆ ಕಪಾಳಕ್ಕೆ ಹೊಡೆಯುತ್ತೆ.

ವರ್ಷಗಟ್ಟಲೆ ಹೀಗೇ ಓಡಾಡಿದೆ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಊಟವಾಗಿ ಮಲಗಿದರೆ ಬೆಳಗಿಗೆ ಹೋಗುತ್ತಿತ್ತು. ಒಂದು ರಾತ್ರಿ ಈ ಅಂಕಣಕ್ಕಾಗಿ ಹಳೆಯ ನೃತ್ಯದ ಹಾಡೊಂದನ್ನು ಕೇಳುತ್ತಾ ಕುಳಿತೆ. ಪಲ್ಲವಿ ಮುಗಿದ ಮೇಲೆ ಬರೀ ಗೆಜ್ಜೆ, ಸಣ್ಣ ತಾಳ. ನನಗೆ ನೂರು ಸಲ ಕೇಳಿ ಗೊತ್ತಿದ್ದ ಜಾಗ. ಅವತ್ತು ಅಲ್ಲಿ ಏನೂ ಇರಲಿಲ್ಲ. ರೆಕಾರ್ಡಿಂಗೇ ಕೆಟ್ಟಿದೆ ಅಂತ ಬೈದುಕೊಂಡೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ, "ಗೆಜ್ಜಿ ಎಷ್ಟ್ ಛಂದ ಕೇಳಲತ್ತದಲ್ರಿ!" ಅಂದಳು.

ಮೈ ತಣ್ಣಗಾಯಿತು ನೋಡಿ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಒಂದು ಗೆರೆ ತೋರಿಸಿದರು. ಎಲ್ಲ ಸರಿಯಾಗಿದ್ದು 4000 ಹರ್ಟ್ಸ್ ಹತ್ತಿರ ಬಾವಿಯ ಹಾಗೆ ಇಳಿದಿತ್ತು. ಸದ್ದಿನಿಂದ ಕೆಡುವ ಕಿವಿ ಮೊದಲು ಕೆಡುವುದೇ ಅಲ್ಲಂತೆ. "ಕಾರ್ಖಾನೆಯಲ್ಲಿ ಕೆಲಸವೇ?" ಅಂತ ಕೇಳಿದರು. ಅಲ್ಲ, ಬುಲೆಟ್ಟಿನಲ್ಲಿ ಓಡಾಟ ಅಂದೆ. ಗಾಡಿಯ ಡುಗುಡುಗು ಅಲ್ಲ, ಹೆಲ್ಮೆಟ್ಟಿಗೆ ಬಡಿಯುವ ಗಾಳಿಯೇ ಕಾರಣವಿರಬೇಕು ಅಂದರು. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನ ಒಳಗೆ ಆ ಸದ್ದು 90 ಡೆಸಿಬೆಲ್ ದಾಟುತ್ತದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಅಂದರು. ಮಾಂಜ್ರಾ ದಾಟಿ ದಾಟಿ ಮಂಜೀರದ ಸದ್ದನ್ನೇ ಕಳೆದುಕೊಂಡೆನಲ್ಲಪ್ಪಾ ಅಂತ ದಾರಿಯುದ್ದಕ್ಕೂ ಹಲುಬಿದೆ.

ಗಾಳಿ ತಾನೇ ತೊಂದರೆ? ತಡೆದುಬಿಟ್ಟರಾಯಿತು! ಮುಂದಿನ ಭಾನುವಾರವೇ ಹೈದರಾಬಾದಿಗೆ ಬಸ್ಸು ಹತ್ತಿದೆ. ಅಂಗಡಿಯವನು ಇದ್ದದ್ದರಲ್ಲೇ ಎತ್ತರದ ಗಾಜು ತೋರಿಸಿದ. ಗಾಜು ಅಂತ ನಾವು ಅನ್ನುವುದು, ನಿಜವಾಗಿ ಪ್ಲಾಸ್ಟಿಕ್ಕು. "ಎಷ್ಟು ಎತ್ತರವೋ ಅಷ್ಟು ಆರಾಮ" ಅಂದ. 3,400 ರೂಪಾಯಿ ಎಣಿಸಿದೆ. ಹ್ಯಾಂಡಲ್‌ಗೆ ಕ್ಲ್ಯಾಂಪ್ ಬಿಗಿದು, ಕನ್ನಡಿಯಲ್ಲಿ ನೋಡಿಕೊಂಡರೆ ಗಾಡಿ ಮಂತ್ರಿಗಳ ಬೆಂಗಾವಲಿನ ಹಾಗೆ ಕಂಡಿತು. ಖುಷಿಯೋ ಖುಷಿ.

ಮೊದಲ ಸವಾರಿ ಭಾಲ್ಕಿಗೆ, ಜೋಡಿಯಾಗಿ. ಎದೆಗೆ ಒಂದು ಚೂರು ಗಾಳಿ ಇಲ್ಲ. ಆದರೆ ವೇಗ ಅರವತ್ತು ದಾಟಿತೋ ಇಲ್ಲವೋ, ತಲೆಯನ್ನು ಯಾರೋ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಹೆಲ್ಮೆಟ್ಟಿನ ಮೇಲೆ ಡೊಳ್ಳು ಬಾರಿಸಿದ ಹಾಗೆ ಧಡಧಡ. ಕಣ್ಣ ಮುಂದಿನ ರಸ್ತೆಯೇ ನಡುಗಿ ಎರಡೆರಡು ಕಾಣಿಸಿತು. ಹಲಬರ್ಗಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೆಂಡತಿ ಕೇಳಿದ್ದು ಇದು: "ಏನ್ರಿ, ಮನ್ಯಾಗ ಒಂದಕ್ಕೂ ಹೂಂ ಅನ್ನದವರು ಇವತ್ತ್ ಹಾದಿ ತುಂಬ ತಲಿ ಹಾಕಲತ್ತೀರಿ, ಏನಾಗ್ಯಾದ?"

ನಗುವ ಹಾಗಿದ್ದದ್ದು ಅಷ್ಟೇ. ನಾಲ್ಕು ದಿನ ಬಿಟ್ಟು ಮಾಂಜ್ರಾ ಸೇತುವೆಯ ಮೇಲೆ ಎದುರಿಗೆ ಲಾರಿ, ಎಡಗಡೆಯಿಂದ ಅಡ್ಡ ಗಾಳಿ. ಅಷ್ಟೆತ್ತರದ ಗಾಜು ಹಾಯಿಯ ಹಾಗೆ ಗಾಳಿ ತುಂಬಿಕೊಂಡಿತು. ಗಾಜು ಹ್ಯಾಂಡಲ್‌ಗೇ ಕಟ್ಟಿದ್ದಲ್ಲವೇ? ಗಾಜಿಗೆ ಬಿದ್ದ ಏಟು ನೇರ ಹ್ಯಾಂಡಲ್ ಎಳೆಯಿತು. ಲಾರಿಗೂ ನನ್ನ ಮೊಣಕೈಗೂ ನಡುವೆ ಇದ್ದದ್ದು ಒಂದು ಮೊಳವೋ ಎರಡೋ. ಕೌಠಾದಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂತೆ. ಮನೆಯಲ್ಲಿ ಹೇಳಲಿಲ್ಲ. ಈಗ ಈ ಪತ್ರಿಕೆ ಓದಿಯೇ ಗೊತ್ತಾಗುತ್ತೆ.

ನಮ್ಮ ಪಕ್ಕದ ಮನೆಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಾಸನ ಕಡೆಯವರೊಬ್ಬರಿದ್ದಾರೆ. 1996ರಲ್ಲಿ ಹುಟ್ಟಿದ ಸೂರ್ಯಕಿರಣ ವಿಮಾನ ತಂಡದ ನೆಲೆ ನಮ್ಮೂರು. ಇಲ್ಲಿ ಗಾಳಿಯ ಶಾಸ್ತ್ರ ಬಲ್ಲವರಿಗೆ ಬರವಿಲ್ಲ. ಅವರು ಗಾಜನ್ನು ಒಂದು ಸುತ್ತು ನೋಡಿ ನಕ್ಕರು.

"ಸೇತುವೆ ಕಂಬದ ಹಿಂದೆ ಹೊಳೆ ನೀರು ಸುಳಿ ತಿರುಗೋದು ನೋಡಿದ್ದೀರಲ್ಲ ಸಾರ್? ಗಾಳಿನೂ ಹಂಗೇ. ಗಾಜಿನ ಅಂಚು ದಾಟಿದ ಕೂಡಲೇ ಸುಳಿ ಕಟ್ಟುತ್ತೆ. ಗಾಜಿನ ಹಿಂದೆ ಗಾಳಿಯ ಒತ್ತಡ ಕಮ್ಮಿ, ಅದನ್ನ ತುಂಬೋಕೆ ಮೇಲಿಂದ, ಪಕ್ಕದಿಂದ ನುಗ್ಗುತ್ತೆ. ನುಗ್ಗೋ ದಾರೀಲಿ ನಿಮ್ಮ ತಲೆ ಇದೆ. ಗಾಜಿಲ್ಲದಿದ್ದಾಗ ನಿಮಗೆ ಬಡೀತಿದ್ದಿದ್ದು ನೇರ ಗಾಳಿ. ಈಗ ದುಡ್ಡು ಕೊಟ್ಟು ಸುಳಿ ತಂದಿದ್ದೀರಿ!"

ಇನ್ನೊಂದು ಮಾತು ಹೇಳಿದರು. ವೇಗ ಎರಡು ಪಟ್ಟಾದರೆ ಗಾಳಿಯ ಏಟು ನಾಲ್ಕು ಪಟ್ಟು. ನಲವತ್ತರಲ್ಲಿ ಏನೂ ಅನ್ನಿಸದ ಗಾಜು ಎಂಬತ್ತರಲ್ಲಿ ರಾಕ್ಷಸನಾಗುವುದು ಅದಕ್ಕೇ. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು 'ಭೇಷ್' ಅಂದರೆ ಏನೂ ತಿಳಿಯುವುದಿಲ್ಲ. ಬಿ.ಎಂ.ಡಬ್ಲ್ಯೂ. ಕಂಪನಿಯವರು 1976ರಲ್ಲಿ ಆರ್ 100 ಆರ್‌ಎಸ್ ಅನ್ನುವ ಗಾಡಿಯ ಮುಖವಾಡವನ್ನು ಇಟಲಿಯ ಗಾಳಿ ಸುರಂಗದಲ್ಲಿಟ್ಟು ರೂಪಿಸಿದರಂತೆ. ನಮಗೆಲ್ಲಿಯ ಸುರಂಗ?

ಇದೆ ಅಂದರು. ಒಂದು ಉಂಡೆ ಉಣ್ಣೆ ದಾರ ತನ್ನಿ ಅಂದರು.

ಸರಿ, ಭಾಲ್ಕಿಗೆ ಹೋದೆವು. ಅಕ್ಕನ ಮಗ ಅಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಬೆರಳುದ್ದದ ಕೆಂಪು ಉಣ್ಣೆ ದಾರಗಳನ್ನು ಟೇಪಿನಲ್ಲಿ ಗಾಜಿನ ಅಂಚಿಗೂ, ನನ್ನ ಹೆಲ್ಮೆಟ್ಟಿನ ಎರಡೂ ಕಡೆಗೂ ಅಂಟಿಸಿದರು. ಬೆಳಗಿನ ಹೊತ್ತು, ಖಾಲಿ ನೇರ ರಸ್ತೆ. ನಾನು ಐವತ್ತರಲ್ಲಿ ಓಡಿಸಬೇಕು. ಅಳಿಯ ಪಕ್ಕದ ಗಾಡಿಯ ಹಿಂದೆ ಕೂತು ಫೋನಿನಲ್ಲಿ ಶೂಟಿಂಗ್ ಮಾಡಬೇಕು. ಜೀವಮಾನದಲ್ಲಿ ಒಮ್ಮೆಯಾದರೂ ನಾನು ಹೀರೋ ಆದೆ, ಅದೂ ಫ್ಯಾನಿಲ್ಲದೆ!

ಆಮೇಲೆ ಮೂವರೂ ಕೂತು ಆ ಚಿತ್ರ ನೋಡಿದೆವು. ಗಾಜಿನ ತಳಭಾಗದ ದಾರಗಳು ಶಿಸ್ತಾಗಿ ಹಿಂದಕ್ಕೆ ಚಾಚಿದ್ದವು. ಅಂಚಿನವು ಹುಚ್ಚೆದ್ದು ಹಿಂದೆ ಮುಂದೆ ಸುತ್ತುತ್ತಿದ್ದವು. ಹೆಲ್ಮೆಟ್ಟಿನವಂತೂ ಗಣಪತಿ ಮೆರವಣಿಗೆಯ ಹುಡುಗರ ಹಾಗೆ ಕುಣಿದವು.

ಇನ್ನೊಂದು ಪರೀಕ್ಷೆಗೆ ದಾರವೂ ಬೇಡ. ಅದೇ ವೇಗದಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಂತೆ. ತಲೆಯ ನಡುಕ ಠಕ್ಕನೆ ನಿಂತಿತು! ಕೂತು ತಲೆ ತಗ್ಗಿಸಿ ಗಾಜಿನ ಮರೆಗೆ ಹೋದೆ, ಆಗಲೂ ನಿಂತಿತು. ನೆಟ್ಟಗೆ ಕೂತರೆ ಮತ್ತೆ ಡೊಳ್ಳು. ಅಂದರೆ ಸುಳಿಗೆ ಮೇಲೂ ಶಾಂತಿ, ಕೆಳಗೂ ಶಾಂತಿ. ನನ್ನ ತಲೆ ಸರಿಯಾಗಿ ನಡುವೆ. ದಾರಿ ಎರಡೇ: ಸುಳಿ ಹೆಲ್ಮೆಟ್ಟಿನ ಮೇಲಿಂದ ಹಾಯುವಷ್ಟು ಇನ್ನೂ ಎತ್ತರದ ಗಾಜು, ಇಲ್ಲವೇ ಸುಳಿ ಹೆಗಲ ಕೆಳಗೇ ಮುಗಿದು ತಲೆಗೆ ನೇರ ಗಾಳಿ ಸಿಗುವ ಹಾಗೆ ಗಿಡ್ಡದು.

ನಾನು ಎತ್ತರದ್ದೇ ಇರಲಿ ಅಂದೆ. ಅಳಿಯ ಒಪ್ಪಲಿಲ್ಲ. "ಮಾಮಾ, ಅಷ್ಟ್ ಎತ್ತರ ಹಾಕಿದ್ರ ಗಾಜಿನ್ಯಾಗಿಂದ ಹಾದಿ ನೋಡ್ಬೇಕಾಗ್ತದ. ರಾತ್ರಿ ಎದುರಿನ ಲೈಟು, ಮಳಿ ಹನಿ, ಸತ್ತ ಹುಳ. ಖರೆ ಹೇಳ್ರಿ, ಸಂತಪೂರದ ಎಮ್ಮಿ ಕಾಣ್ತದೇನು? ಗಾಜು ಯಾವಾಗ್ಲೂ ಅದರ ಮ್ಯಾಲಿಂದ ನೋಡುವಂಗ ಇರ್ಬೇಕು. ಮ್ಯಾಲ ಸೇತುವಿ ಮ್ಯಾಲ ಹಾಯಿ ಆಗೂದು ಬ್ಯಾರೆ." ಸೇತುವೆಯ ಸಂಗತಿ ಅವನಿಗೆ ಹೇಗೆ ತಿಳಿಯಿತೋ! ಸುಮ್ಮನಾದೆ.

ಮೊದಲು ಅವನು ಕೊಳ್ಳಲು ಬಿಡಲಿಲ್ಲ. ಇದ್ದ ಗಾಜನ್ನೇ ಎರಡು ಬೆರಳು ಮೇಲೆತ್ತಿ, ಹೆಡ್‌ಲೈಟಿಗೂ ಅದಕ್ಕೂ ನಡುವೆ ಸಂದು ಬಿಟ್ಟು ಓಡಿಸಿ ಅಂದ. ಆ ಸಂದಿನಿಂದ ನುಗ್ಗಿದ ಗಾಳಿ ಗಾಜಿನ ಹಿಂದಿನ ಖಾಲಿಯನ್ನು ತುಂಬುತ್ತೆ. ಮೇಲಿನ ಗಾಳಿ ಅಷ್ಟು ಆತುರದಿಂದ ಒಳಗೆ ಬೀಳುವುದಿಲ್ಲ. ಕಾಸು ಖರ್ಚಿಲ್ಲದೆ ಕಾಲು ಭಾಗ ನಡುಕ ಹೋಯಿತು ಅಂದರೆ ನಂಬುತ್ತೀರಾ? ಸ್ವಲ್ಪ ಹಿಂದಕ್ಕೆ ವಾಲಿಸಿದಾಗ ಇನ್ನಷ್ಟು. ಆಮೇಲೆ ಯಾರೋ ಬಿಟ್ಟುಹೋಗಿದ್ದ, ಮೂಲೆ ಒಡೆದ ಗಿಡ್ಡ ಗಾಜೊಂದನ್ನು ಕಟ್ಟಿದ. ಅಂಚು ನನ್ನ ಎದೆಯ ಮೇಲ್ಭಾಗಕ್ಕೆ ಬರುವಂಥದ್ದು. ಔರಾದಿಗೆ ಒಂದು ವಾರ ಅದನ್ನೇ ಹಾಕಿಕೊಂಡು ಹೋಗಿಬಂದೆ. ಹೆಲ್ಮೆಟ್ಟಿನ ದಾರಗಳು ಬಾಣದ ಹಾಗೆ ಹಿಂದಕ್ಕೆ ನಿಂತವು. ಆಮೇಲೆಯೇ ಅದೇ ಅಳತೆಯ ಹೊಸದು ತಂದದ್ದು.

ನನ್ನ ಅಳತೆ ನಿಮ್ಮ ಅಳತೆಯಲ್ಲ, ಅದು ನೆನಪಿರಲಿ. ನನಗಿಂತ ನಾಲ್ಕು ಬೆರಳು ಗಿಡ್ಡ ಇರುವ ಅಳಿಯ ಆ ಎತ್ತರದ ಗಾಜಿನ ಹಿಂದೆ ಆರಾಮಾಗಿ ಕೂತು ಓಡಿಸಿದ. ಸೀಟು, ಹೆಲ್ಮೆಟ್ಟು, ಸೊಂಟ, ಎಲ್ಲ ಲೆಕ್ಕಕ್ಕೆ ಬರುತ್ತೆ. ಕೊಳ್ಳುವ ಮೊದಲು ಯಾರದ್ದಾದರೂ ಎರವಲು ತಂದು ಓಡಿಸಿ ನೋಡಿ.

ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ. ಅಕ್ರಿಲಿಕ್ ತಿಳಿಯಾಗಿರುತ್ತೆ, ಬೇಗ ಗೀರು ಬೀಳುವುದಿಲ್ಲ, ಆದರೆ ಕಲ್ಲು ಬಡಿದರೆ ಸೀಳುತ್ತೆ. ಪಾಲಿಕಾರ್ಬೊನೇಟ್ ಸುಲಭಕ್ಕೆ ಒಡೆಯದು, ಮೇಲೆ ಲೇಪ ಇಲ್ಲದಿದ್ದರೆ ಗೀರು ಬೇಗ. ಜಲ್ಲಿಯ ರಸ್ತೆಗೆ ನಾನು ಎರಡನೆಯದನ್ನೇ ತಂದೆ. ಪೆಟ್ರೋಲಿನ ಬಟ್ಟೆ ಮಾತ್ರ ತಾಗಿಸಬೇಡಿ, ಹಾಳಾಗುತ್ತೆ. ಕೆಂಪು ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದದಲ್ಲಿ ಉಜ್ಜಿದಂತೆಯೇ. ಮೊದಲು ನೀರು ಸುರಿಯಿರಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೆ ತಾಗಬಾರದು, ಕ್ಲಚ್ಚು ಬ್ರೇಕಿನ ತಂತಿ ಬಿಗಿಯಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸಲು ಬಿಡುವುದಿಲ್ಲ. ಕೊರೆಯುವುದು, ವೆಲ್ಡಿಂಗು ಬೇಡ. ನಿಮ್ಮ ಗಾಡಿಯ ಕಂಪನಿಯೇ ಗಾಜು ಮಾರುತ್ತಿದ್ದರೆ ಮೊದಲು ಅದನ್ನೇ ಹಾಕಿಸಿ ಓಡಿಸಿ ನೋಡಿ.

ಈಗ ಕಿವಿಯ ಮಾತಿಗೆ ಬರುತ್ತೇನೆ. ಸುಳಿ ಹೋಯಿತು, ತಲೆಯ ನಡುಕ ಹೋಯಿತು, ಕತ್ತು ನೋವಿಲ್ಲ. ಆದರೆ ನೇರ ಗಾಳಿಗೂ ಸದ್ದಿದೆ. ಅದಕ್ಕೆ ಡಾಕ್ಟರು ಹೇಳಿದ ಸ್ಪಂಜಿನ ಬಿರಡೆ ಕಿವಿಗೆ ಇಟ್ಟುಕೊಳ್ಳುತ್ತೇನೆ. ಹಾರ್ನ್ ಕೇಳುತ್ತೆ, ಗಾಳಿಯ ಭೋರ್ಗರೆತ ತಗ್ಗಿದ್ದರಿಂದ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳುತ್ತೆ. ಹತ್ತು ಇಪ್ಪತ್ತು ರೂಪಾಯಿಯ ವಸ್ತು. ಹತ್ತು ವರ್ಷ ಮುಂಚೆ ಯಾರಾದರೂ ಹೇಳಿದ್ದರೆ ಈ ಅಂಕಣ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ರಾತ್ರಿಯ ಗುಂಯ್ ಕಡಿಮೆಯಾಗಿದೆ. ಗೆಜ್ಜೆ ಬಂದಿಲ್ಲ. ಆ ಹಾಡು ಹಾಕಿದಾಗ ಹೆಂಡತಿ ಪಲ್ಲವಿ ಮುಗಿದ ಕೂಡಲೇ ನನ್ನ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತಾಳೆ, ಗೆಜ್ಜೆ ಎಷ್ಟು ಸಲವೋ ಅಷ್ಟು ಸಲ. ಅಷ್ಟು ನನಗೆ ಸಾಕಾಗಿದೆ.

ಹೈದರಾಬಾದಿನ ಆ 3,400 ರೂಪಾಯಿಯ ಗಾಜು ಭಾಲ್ಕಿಯಲ್ಲೇ ಉಳಿಯಿತು. ಮೊನ್ನೆ ಹೋದಾಗ ನೋಡಿದೆ, ಅಕ್ಕ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ, ಕಾಗೆ ಬಾರದಂತೆ ಅದನ್ನೇ ಮುಚ್ಚಿದ್ದಾಳೆ. "ಭಾಳ ಛಲೋ ಗಾಜು ತಂದಿ ತಮ್ಮಾ, ಧೂಳ್ ಒಂಚೂರೂ ಬೀಳಲ್ಲ" ಅಂದಳು.

ಮುಂದಿನ ವಾರ ಮತ್ತೆ ಸಿನಿಮಾ. ಮಾತು ಕೊಟ್ಟಿದ್ದೇನೆ.