ಎಫ್‌ಸಿ ವೇಳೆ ಮೀಟರ್ ರೀಡಿಂಗ್ ದಾಖಲಾಗಲಿ

ಹೊಸ ವಾಹನಕ್ಕೆ ಕೈ ಹಾಕಲಾಗದ ಸಣ್ಣ ವ್ಯಾಪಾರಿಗಳು ಸೆಕೆಂಡ್ ಹ್ಯಾಂಡ್ ಸರಕು ವ್ಯಾನ್ ನಂಬಿ ಬದುಕುತ್ತಾರೆ. ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿ ವರ್ಷಗಟ್ಟಲೆ ದುಡಿಯುತ್ತದೆ. ನಮ್ಮ ಬೀದಿಯ ಹೂವಿನ ವ್ಯಾಪಾರಿಯ ವ್ಯಾನೇ ಸಾಕ್ಷಿ. ಆದರೆ ನಾನು ಬೇಕರಿ ಮಾಲು ಸಾಗಿಸಲು ಕೊಂಡ ವ್ಯಾನಿನ ಮೀಟರ್ 50 ಸಾವಿರ ಕಿ.ಮೀ. ಕೂಡ ತೋರಿಸುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಹೋಯಿತು, ಎಂಜಿನ್ ಆಯಿಲ್ ಕುಡಿಯತೊಡಗಿತು. ಮೆಕ್ಯಾನಿಕ್ ಹಿಂದಿನ ಬಾಗಿದ ಸ್ಪ್ರಿಂಗ್ ಪಟ್ಟಾಗಳನ್ನು ತೋರಿಸಿ, ಇದು ಮಿತಿಮೀರಿ ಭಾರ ಹೊತ್ತು ಲಕ್ಷಾಂತರ ಕಿ.ಮೀ. ಓಡಿದ ಗಾಡಿ ಎಂದರು. ಗಾಡಿ ನಿಂತ ದಿನ ಮಾಲು ಹಾಳು. ಸಾಲದ ಕಂತು ಮಾತ್ರ ಕಟ್ಟಲೇಬೇಕು.

ಹಳೆಯ ವಾಹನ ಮಾರುವ ಡೀಲರ್‌ಗಳು ಅಧಿಕೃತ ಅನುಮತಿ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮೂರಿನ ಬ್ರೋಕರ್‌ಗಳಿಗೆ ಅದು ತಟ್ಟಿದಂತೆ ಕಾಣುವುದಿಲ್ಲ. ಸರಕು ವಾಹನಗಳು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಲೇಬೇಕು. ಪ್ರತಿ ಬಾರಿಯೂ ಮೀಟರ್ ರೀಡಿಂಗ್ ಬರೆದಿಟ್ಟು, ವಾಹನದ ನಂಬರ್ ಹಾಕಿದರೆ ಕೊಳ್ಳುವವರಿಗೂ ಕಾಣುವಂತೆ ಪರಿವಾಹನ್ ಜಾಲತಾಣದಲ್ಲಿ ಪ್ರಕಟಿಸಿದರೆ, ಮೀಟರ್ ಹಿಂದಕ್ಕೆ ತಿರುಗಿಸುವ ದಂಧೆಗೆ ಕಡಿವಾಣ ಬೀಳುತ್ತದೆ. ಇದಕ್ಕೆ ಹೊಸ ಕಚೇರಿಯೂ ಬೇಡ, ದೊಡ್ಡ ಖರ್ಚೂ ಇಲ್ಲ. ಅನುಮತಿಯಿಲ್ಲದ ಬ್ರೋಕರ್‌ಗಳ ಮೇಲೂ ಕ್ರಮ ಬೇಕು. ಸಾರಿಗೆ ಇಲಾಖೆ ಇತ್ತ ಗಮನ ಹರಿಸಬೇಕೆಂದು ವಿನಂತಿ.

– ಬೇಕರಿ ವ್ಯಾಪಾರಿ, ದಾವಣಗೆರೆ