‘ದೇವರ ಸೇವಕ’ ಎಂಬ ಬಿರುದು

ಕಳೆದ ತಿಂಗಳು ಅಂಚೆಯಲ್ಲಿ ಬಂದ ಒಂದು ಆಮಂತ್ರಣ ಪತ್ರಿಕೆ ಈ ಬರಹಕ್ಕೆ ಕಾರಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಹೆಸರಾಂತ ಬೋಧಕ. ಅವನ ಸೇವೆಗೆ ಇಪ್ಪತ್ತೈದು ವರ್ಷ ತುಂಬಿದ ನಿಮಿತ್ತ ಸಮಾರಂಭ, ತೆರೆದ ವಾಹನದಲ್ಲಿ ಮೆರವಣಿಗೆ, ಅಭಿನಂದನ ಗ್ರಂಥದ ಬಿಡುಗಡೆ. ಪತ್ರಿಕೆಯ ಮುಖಪುಟದಲ್ಲಿ ಅವನ ಭಾವಚಿತ್ರ ಅಂಗೈಯಗಲವಿದೆ; ಮೂಲೆಯಲ್ಲಿರುವ ಶಿಲುಬೆ ಹೆಬ್ಬೆರಳಿನ ಉಗುರಿನಷ್ಟಿದೆ. ಕೆಳಗೆ ದಪ್ಪಕ್ಷರಗಳಲ್ಲಿ ‘ದೇವರ ಮಹಾನ್ ಸೇವಕರು’ ಎಂದು ಮುದ್ರಿಸಿದ್ದಾರೆ. ಆ ಗ್ರಂಥಕ್ಕೆ ‘ಗುರುಗಳ ಆಶೀರ್ವಚನ’ ಎಂಬ ತಲೆಬರಹದಲ್ಲಿ ಎರಡು ಪುಟ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ್ದರು. ನಾನು ಒಲ್ಲೆನೆಂದೆ. ಅಂದಿನಿಂದ ಬಂಧುಗಳಲ್ಲಿ ಕೆಲವರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ‘ಮಾಸ್ತರರಿಗೆ ಹೊಟ್ಟೆಕಿಚ್ಚು’ ಎಂಬ ಮಾತೂ ಕಿವಿಗೆ ಬಿದ್ದಿದೆ. ಬೆನ್ನ ಹಿಂದೆ ಊಹಿಸುವುದಕ್ಕಿಂತ ನನ್ನ ಕಾರಣಗಳನ್ನು ಇಲ್ಲಿಯೇ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. (ಐವತ್ತು ವರ್ಷವಾದರೂ ಅವನು ನನಗೆ ಹುಡುಗನೇ.) ಒಂಬತ್ತನೆಯ ತರಗತಿಯಲ್ಲಿ ಸಹಪಾಠಿಯೊಬ್ಬನಿಗೆ ವಿಷಮಶೀತಜ್ವರ ಬಂದಾಗ ದಿನವೂ ಸಂಜೆ ಅವನ ಮನೆಗೆ ಹೋಗಿ ಪಾಠಗಳನ್ನು ಬರೆದುಕೊಟ್ಟು ಬರುತ್ತಿದ್ದವನು ಇವನು. ನಾನು ಒಲ್ಲೆನೆಂದ ಸುದ್ದಿ ತಿಳಿದು ತಾನೇ ದೂರವಾಣಿ ಮಾಡಿದ್ದ. “ಮಂದಿ ಪ್ರೀತಿಲೆ ಮಾಡ್ತಾರ್ರೀ ಸರ್, ನಾ ಹೆಂಗ ಬ್ಯಾಡನ್ಲಿ?” ಎಂದ. ಪ್ರಾಮಾಣಿಕವಾದ ಪ್ರಶ್ನೆ. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

ಭಾಷೆಯ ಮಾಸ್ತರನಾದ್ದರಿಂದ ಶಬ್ದದಿಂದಲೇ ಪ್ರಾರಂಭಿಸುತ್ತೇನೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಅರ್ಥಕ್ಕೆ ಮುಖ್ಯವಾಗಿ ಎರಡು ಪದಗಳಿವೆ. ಒಂದು ‘ದೂಲೋಸ್’, ಅಂದರೆ ಒಡೆಯನ ಸ್ವತ್ತಾಗಿರುವ ಗುಲಾಮ. ಇನ್ನೊಂದು ‘ದಿಯಾಕೊನೊಸ್’, ಊಟಕ್ಕೆ ಕುಳಿತವರಿಗೆ ಬಡಿಸುವ ಆಳು. ಪೌಲನು ರೋಮಾಪುರದವರಿಗೆ ಪತ್ರ ಬರೆಯುವಾಗ ತನ್ನ ಹೆಸರಿನ ಮುಂದೆ ಮೊದಲು ಇಟ್ಟುಕೊಂಡದ್ದು ಗುಲಾಮನೆಂಬ ಪದವನ್ನು. ಅಪೊಸ್ತಲನೆಂಬ ಮಾತು ಅದರ ಬಳಿಕ ಬರುತ್ತದೆ. ನಮ್ಮ ಕನ್ನಡಕ್ಕೂ ಇದು ಹೊಸ ಭಾವವಲ್ಲ. ತಂಬೂರಿ ಹಿಡಿದು ಮನೆಮನೆಯ ಮುಂದೆ ನಿಂತ ಹರಿದಾಸರಿಗೂ, ದಾಸೋಹವನ್ನೇ ಬದುಕೆಂದುಕೊಂಡ ಶರಣರಿಗೂ ‘ದಾಸ’ ಶಬ್ದದ ತೂಕ ಗೊತ್ತಿತ್ತು. ಇಂಥ ಪದಕ್ಕೆ ‘ಮಹಾನ್’ ಎಂದು ಜೋಡಿಸುವುದು ಹೇಗೆ? ಶಾಲೆಯ ಫಲಕದಲ್ಲಿ ‘ಮಹಾನ್ ಜವಾನರು’ ಎಂದು ಬರೆದರೆ ನೀವೆಲ್ಲ ನಗುತ್ತೀರಿ. ಇಲ್ಲಿ ಮಾತ್ರ ಯಾರಿಗೂ ನಗು ಬರುವುದಿಲ್ಲ.

ಇನ್ನೊಂದು ತಮಾಷೆಯಿದೆ. ಲ್ಯಾಟಿನ್ ಭಾಷೆಯಲ್ಲಿ ‘ಮಿನಿಸ್ಟರ್’ ಎಂದರೆ ಕೆಳಗಿನವನು, ಆಳು. ‘ಮಜಿಸ್ಟರ್’ ಎಂದರೆ ಮೇಲಿನವನು, ಒಡೆಯ. ಎರಡನೆಯದರಿಂದಲೇ ಮಾಸ್ಟರ್ ಎಂಬ ಪದ, ಅದರಿಂದ ನಮ್ಮ ಮಾಸ್ತರ. ಇಂದು ಮಿನಿಸ್ಟರ್ ಕೆಂಪು ಗೂಟದ ಕಾರನ್ನು ಬಿಟ್ಟುಕೊಟ್ಟರೂ ಠೀವಿಯನ್ನು ಬಿಟ್ಟುಕೊಟ್ಟಿಲ್ಲ. ಮಾಸ್ತರನು ಜನಗಣತಿಯ ಕಾಗದ ಹಿಡಿದು ಬಿಸಿಲಿನಲ್ಲಿ ಅಲೆಯುತ್ತಾನೆ. ಶಬ್ದಗಳ ಹಣೆಬರಹ!

ಆದರೆ ತಮಾಷೆಯಲ್ಲದ ಉದಾಹರಣೆಯೂ ಇದೆ. 1611ರ ಇಂಗ್ಲಿಷ್ ಬೈಬಲನ್ನು ತೆಗೆದು ನೋಡಿ. ‘ದಿಯಾಕೊನೊಸ್’ ಎಂಬ ಒಂದೇ ಪದವನ್ನು ತುಖಿಕ, ಎಪಫ್ರ ಎಂಬ ಗಂಡಸರಿಗೆ ಬಳಸಿದಲ್ಲಿ ‘ಮಿನಿಸ್ಟರ್’ ಎಂದು ಭಾಷಾಂತರಿಸಿದ್ದಾರೆ. ಕೆಂಕ್ರೆಯ ಸಭೆಯ ಫೊಯಿಬೆ ಎಂಬ ಹೆಂಗಸಿಗೆ ಬಳಸಿದಲ್ಲಿ ‘ಸರ್ವೆಂಟ್’ ಎಂದಿದ್ದಾರೆ. ಗಂಡಸಿಗೆ ಪದವಿ, ಹೆಂಗಸಿಗೆ ಕಸಬರಿಗೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

‘ಜನರು ಪ್ರೀತಿಯಿಂದ ಮಾಡುತ್ತಾರೆ’ ಎಂಬ ವಾದಕ್ಕೆ ಬರುತ್ತೇನೆ. ಯಾಕೋಬ ಯೋಹಾನರು ಯೇಸುವಿನ ಬಲಕ್ಕೂ ಎಡಕ್ಕೂ ಆಸನ ಕೇಳಿದಾಗ ಉಳಿದ ಹತ್ತು ಮಂದಿಗೆ ಸಿಟ್ಟು ಬಂತೆಂದು ಮಾರ್ಕನು ಬರೆಯುತ್ತಾನೆ. ಏಕೆ ಸಿಟ್ಟು ಬಂತೆಂದು ಅವನು ಬರೆದಿಲ್ಲ. ನಾಲ್ಕು ಜನ ಮಕ್ಕಳ ಮಧ್ಯೆ ಒಂದು ಪೇರಲಹಣ್ಣು ಇಟ್ಟು ನೋಡಿದವರಿಗೆ ಅದು ಗೊತ್ತು. ಯೇಸುವಾದರೋ ಆ ಹನ್ನೆರಡೂ ಜನರ ಪ್ರೀತಿಯನ್ನು ಆಸನದಿಂದ ಅಳೆಯಲಿಲ್ಲ; ಕಡೆಯ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಅವರ ಕಾಲು ತೊಳೆದನು. ನಮ್ಮ ನಾಡಿನಲ್ಲಿ ಪಾದಪೂಜೆ ಎಂದರೆ ಶಿಷ್ಯನು ಗುರುವಿಗೆ ಮಾಡುವುದು. ಅಲ್ಲಿ ದಿಕ್ಕು ತಿರುವುಮುರುವಾಯಿತು. ಪೇತ್ರನು ಬೇಡವೆಂದದ್ದೂ ಪ್ರೀತಿಯಿಂದಲೇ, ಆದರೂ ಗುರು ಅವನ ಪ್ರೀತಿಗೆ ಮಣಿಯಲಿಲ್ಲ. ಆದ್ದರಿಂದ ಜನರ ಪ್ರೀತಿಗೆ ‘ಬೇಡ’ ಎನ್ನಬಹುದು, ಹುಡುಗಾ. ಮೇಲ್ಪಂಕ್ತಿಯಿದೆ.

ಟೀಕಿಸಿದರೆ ತಕ್ಷಣ ಬರುವ ಗುರಾಣಿಯೂ ನನಗೆ ಗೊತ್ತು: ದೇವರು ಅಭಿಷೇಕಿಸಿದವರ ಮೇಲೆ ಕೈಯೆತ್ತಬಾರದೆಂಬ ಕೀರ್ತನೆಯ ಮಾತು. ಸಮಿತಿಯ ಕಾರ್ಯದರ್ಶಿಗಳು ನನಗೂ ಅದನ್ನು ಹೇಳಿದರು. 105ನೆಯ ಕೀರ್ತನೆಯನ್ನು ಅದರ ಹಿಂದಿನ ನಾಲ್ಕು ವಚನಗಳೊಡನೆ ಓದಿರಿ. ಅಲ್ಲಿ ದೇವರು ಗದರುವುದು ಅರಸರನ್ನು. ಕಾಪಾಡುವುದು ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಬೆರಳೆಣಿಕೆಯ ಪರದೇಶಿಗಳನ್ನು. ಬಲಹೀನರಿಗಾಗಿ ಕಟ್ಟಿದ ಗೋಡೆಯ ಹಿಂದೆ ವೇದಿಕೆಯ ಮೇಲಿನವರು ಅಡಗಿಕೊಳ್ಳುವುದು ನ್ಯಾಯವಲ್ಲ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನೇ ಎಲ್ಲರೆದುರಿಗೆ ಖಂಡಿಸಿದನಲ್ಲ, ಆಗ ಅಭಿಷೇಕಕ್ಕೆ ಕುಂದು ಬಂದಿತೆ?

ಬೋಧಕರು ಉಪವಾಸವಿರಬೇಕೆಂದು ನಾನು ಹೇಳುತ್ತಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕು. ಸುವಾರ್ತೆಯೇ ಅದನ್ನು ಹೇಳುತ್ತದೆ. ಪೌಲನು ಆ ಹಕ್ಕನ್ನು ಎತ್ತಿಹಿಡಿದೂ ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ್ದು ಅವನ ಆಯ್ಕೆ. ಹಳ್ಳಿಗಳಲ್ಲಿ ತಿಂಗಳ ಸಂಬಳ ಹೊತ್ತಿಗೆ ಸರಿಯಾಗಿ ಬಾರದೆ ಮಕ್ಕಳ ಫೀಸಿಗೆ ಸಾಲ ಮಾಡುವ ಸಭಾಪಾಲಕರನ್ನು ನಾನು ಬಲ್ಲೆ. ನನ್ನ ಆಕ್ಷೇಪಣೆ ಅನ್ನಕ್ಕಲ್ಲ, ಹಾರಕ್ಕೆ.

ನಮ್ಮ ಭಾಗದವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಗಳಾದವರು. ಜನರ ಬಾಯಲ್ಲಿಯೂ ಓಲೆಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಪ್ರಕಟಿಸಿದರು. ತಿರಿದುಂಡ ಒಬ್ಬ ಶೈವ ಕವಿಯ ಮಾತುಗಳಿಗಾಗಿ ಒಬ್ಬ ಕ್ರೈಸ್ತ ಪಾದ್ರಿ ವರ್ಷಗಟ್ಟಲೆ ದುಡಿದರು. ಅದಕ್ಕೂ ಮೊದಲು ಕಿಟೆಲ್‌ರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿತ್ತು. ಇಂದಿಗೂ ನನ್ನ ಮೇಜಿನ ಮೇಲಿರುವ ಪುಸ್ತಕವದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು. ಅದು ಮೆರವಣಿಗೆಯ ಗೌರವವೇ, ಒಪ್ಪುತ್ತೇನೆ. ಆದರೆ ನಾಡು ಅದನ್ನು ಅವರ ಕೆಲಸ ನೋಡಿ ಕೊಟ್ಟಿತು, ಅವರದೇ ಸಮಿತಿಯಲ್ಲ.

ಇನ್ನು ನನ್ನ ಸ್ವಂತ ತಪ್ಪು.

ನನ್ನ ಸೋದರತ್ತೆಯನ್ನು ಬಂಧುಗಳೆಲ್ಲ ಬಲ್ಲಿರಿ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ‘ಬೈಬಲ್ ವುಮನ್’ ಆಗಿ ಸೇರಿದವಳು. ಬಿಳಿ ಸೀರೆ, ಬಗಲಲ್ಲಿ ಬಟ್ಟೆಯ ಚೀಲ. ದಿನಕ್ಕೆ ಎರಡು ಮೂರು ಹಳ್ಳಿ ನಡೆಯುತ್ತಿದ್ದಳು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು, ಬಾಣಂತಿಯರನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತರುತ್ತಿದ್ದಳು, ಸತ್ತವರ ಮನೆಯಲ್ಲಿ ಒಲೆ ಹಚ್ಚುತ್ತಿದ್ದಳು. ಒಮ್ಮೆ ರಾತ್ರಿ ಅವಳ ಕಾಲಿಗೆ ಎಣ್ಣೆ ಹಚ್ಚುತ್ತ, “ಇಷ್ಟ ಯಾಕ ತಿರಗತೀ ಅತ್ತಿ?” ಎಂದು ಕೇಳಿದ್ದೆ. “ನನ್ನ ಯಾರ ಕೇಳ್ಯಾರಪಾ, ಹೋಗು ಅಂದಾನ, ಹೊಂಟೇನಿ” ಎಂದಿದ್ದಳು. ಭಾನುವಾರ ದೇವಾಲಯದಲ್ಲಿ ಅವಳ ಜಾಗ ಕಡೆಯ ಸಾಲು. ಮಕ್ಕಳನ್ನು ಸುಮ್ಮನಿರಿಸುವುದೂ ಅವಳದೇ ಪಾಲಿಗಿತ್ತು.

2006ರಲ್ಲಿ ನಮ್ಮ ಸಭೆಯ ಸ್ಮರಣ ಸಂಚಿಕೆ ಹೊರಬಂದಿತು. ಮೊದಲನೆಯ ಪಾದ್ರಿಗಳಿಂದ ಹಿಡಿದು ಅಂದಿನವರವರೆಗೆ ಎಲ್ಲರ ಭಾವಚಿತ್ರಗಳಿದ್ದವು, ಕಾಣಿಕೆ ಕೊಟ್ಟ ವ್ಯಾಪಾರಿಗಳ ಜಾಹೀರಾತುಗಳೂ ಇದ್ದವು. ನೂರಾರು ಪುಟಗಳಲ್ಲಿ ನನ್ನ ಅತ್ತೆಯ ಹೆಸರಿರಲಿಲ್ಲ. ಅವಳೊಂದಿಗೆ ನಡೆದ ಇತರ ಮೂವರು ಹೆಂಗಸರ ಹೆಸರೂ ಇರಲಿಲ್ಲ. ಆ ಸಂಚಿಕೆಯ ಸಂಪಾದಕ ನಾನೇ. ಯಾರೂ ನನ್ನನ್ನು ತಡೆದಿರಲಿಲ್ಲ. ‘ದೇವರ ಸೇವಕರು’ ಎಂಬ ವಿಭಾಗಕ್ಕೆ ಅವರನ್ನು ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ, ಅಷ್ಟೇ. ಫೊಯಿಬೆಯನ್ನು ಭಾಷಾಂತರಿಸಿದವರ ಮೇಲೆ ಕೋಪಗೊಳ್ಳುವ ಅಧಿಕಾರ ನನಗೆಷ್ಟಿದೆಯೋ ನೀವೇ ನಿರ್ಣಯಿಸಿರಿ.

ಹೀಗಿರುವಾಗ ಇನ್ನೊಂದು ಗ್ರಂಥದಲ್ಲಿ ಇನ್ನೊಮ್ಮೆ ಅದೇ ಪದವನ್ನು ಅದೇ ರೀತಿ ಬರೆಯಲು ನನ್ನ ಕೈ ಬರಲಿಲ್ಲ. ಸಮಿತಿಗೆ ಕಾಗದ ಹಾಕಿದ್ದೇನೆ. ಹುಡುಗನಿಗೂ ಬೇರೆಯೇ ಬರೆದಿದ್ದೇನೆ: ಸಮಾರಂಭದ ದಿನ ನಾನು ಬರುವುದಿಲ್ಲ, ಅದರ ಮರುದಿನ ಮನೆಗೆ ಊಟಕ್ಕೆ ಬಾ, ನಿನ್ನ ಗುರುಮಾತೆ ಜೋಳದ ರೊಟ್ಟಿ ಮಾಡುತ್ತಾರೆ, ಬಡಿಸುವವನು ನಾನು ಎಂದು. ಉತ್ತರ ಇನ್ನೂ ಬಂದಿಲ್ಲ.

ಬಂಧುಗಳಲ್ಲಿ ಒಂದು ಬಿನ್ನಹ. ಅತ್ತೆಯ ಜೊತೆ ಕೆಲಸ ಮಾಡಿದ ಆ ಮೂವರ ಪೈಕಿ ಒಬ್ಬರ ಹೆಸರು ಮಾತ್ರ ನನಗೆ ನೆನಪಿದೆ. ಉಳಿದಿಬ್ಬರ ಹೆಸರು, ಊರು, ಅಥವಾ ನಾಲ್ವರೂ ಒಟ್ಟಿಗಿರುವ ಹಳೆಯ ಫೋಟೋ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ನಾನೇ ಬಂದು ನೋಡಿ ಬರೆದುಕೊಳ್ಳುತ್ತೇನೆ.